ನೀರನ್ನು ಒಲ್ಲದ ಅಚ್ಚು

ಕೆಸುವಿನೆಲೆಯ ಮೇಲೆ ಮುತ್ತಿನಂತೆ ಉರುಳುವ ನೀರಹನಿಯನ್ನು ಕಂಡು ಹಿಗ್ಗದವರು ಯಾರು? ದಂತವೈದ್ಯನಾದ ನನಗೆ ಮಾತ್ರ ಆ ಹನಿ ಬಹುಕಾಲ ಹಗೆಯಂತೆ ಕಾಡಿತು. ಅದೇಕೆಂಬುದನ್ನು ಕೇಳುಗರಾದ ತಮ್ಮೊಡನೆ ಈಗ ಹೇಳಿಕೊಳ್ಳುತ್ತೇನೆ.

ಬೆಳ್ಳಂದೂರಿನಲ್ಲಿ ನನ್ನದೊಂದು ಸಣ್ಣ ಚಿಕಿತ್ಸಾಲಯ. ಹಿಂದೆ ಕೆರೆಯ ಬಳಿ ಸೊಪ್ಪು ಬೆಳೆಯುತ್ತಿದ್ದ ವೃದ್ಧೆಯೊಬ್ಬರ ದವಡೆಹಲ್ಲಿಗೆ ಲೋಹದ ಕ್ಯಾಪು ತೊಡಿಸಬೇಕಾಗಿತ್ತು. ಹಲ್ಲನ್ನು ಸುತ್ತಲೂ ಸವೆಯಿಸಿ, ಮೆತ್ತನೆಯ ಸಿಲಿಕೋನ್ ರಬ್ಬರನ್ನು ಒತ್ತಿ ಅಚ್ಚು ತೆಗೆದೆ. ಆ ಅಚ್ಚಿನೊಳಗೆ ನೀರಿನಲ್ಲಿ ಕಲಸಿದ ಜಿಪ್ಸಮ್ ಹಿಟ್ಟನ್ನು ಸುರಿದರೆ ಹಲ್ಲಿನ ಪ್ರತಿರೂಪ ದೊರೆಯುತ್ತದೆ. ಕ್ಯಾಪನ್ನು ರೂಪಿಸುವುದು ಈ ಪ್ರತಿರೂಪದ ಮೇಲೆ.

ಕ್ಯಾಪು ತೊಡಿಸಿದಾಗ ಆಕೆ ಒಮ್ಮೆ ಕಚ್ಚಿ ನೋಡಿ, “ಕಲ್ಲು ಕಚ್ಕಂಡಂಗೈತೆ ಸ್ವಾಮಿ” ಎಂದರು. ತೆಗೆದು ನೋಡಿದೆ, ಒಳಮೈಯಲ್ಲಿ ರಾಗಿಕಾಳಿಗಿಂತಲೂ ಸಣ್ಣದೊಂದು ಗಂಟು. ಪ್ರತಿರೂಪದಲ್ಲಿ ಅದೇ ಜಾಗದಲ್ಲಿ ಒಂದು ಕುಳಿ. ಕಲಸಿದ ಹಿಟ್ಟು ರಬ್ಬರಿನ ಮೂಲೆಗೆ ಹರಡಿಕೊಳ್ಳದೆ ಮುದುಡಿ, ಕೆಳಗೊಂದು ಗಾಳಿಗುಳ್ಳೆಯನ್ನು ಸೆರೆಹಿಡಿದಿತ್ತು. ಪರೀಕ್ಷಿಸದೆ ಮುಂದುವರಿದ ತಪ್ಪು ನನ್ನದೇ. ಆಕೆಗೆ ಮತ್ತೊಂದು ದಿನದ ಕೂಲಿ ಹೋಯಿತು.

ಹನಿಯೊಂದು ತಾನು ಕುಳಿತ ಮೈಯೊಡನೆ ಮಾಡುವ ಕೋನವನ್ನು ಕುರಿತು ಇಂಗ್ಲೆಂಡಿನ ಥಾಮಸ್ ಯಂಗ್ 1805ರಲ್ಲಿಯೇ ವಿವೇಚಿಸಿದ್ದನು. ಕೋನ ಕಿರಿದಾದಷ್ಟೂ ಮೈ ಚೆನ್ನಾಗಿ ನೆನೆಯುತ್ತದೆ. 90 ಡಿಗ್ರಿ ಮೀರಿದರೆ ಹನಿ ಗುಂಡಗಾಗುತ್ತದೆ. ಏನನ್ನೂ ಬೆರೆಸದ ಸಿಲಿಕೋನ್ ಈ ಎರಡನೆಯ ಜಾತಿಯದು. ಕಡಲಪಾಚಿಯಿಂದ ಬರುವ ಆಲ್ಜಿನೇಟ್ ನೀರನ್ನು ಒಲಿಯುತ್ತದೆ, ನಿಜ. ಆದರೆ ಒಣಗುತ್ತ ಕುಗ್ಗಿಬಿಡುತ್ತದೆ. ಅಳತೆಗೆ ನಿಷ್ಠವಾದುದು ಸಿಲಿಕೋನೇ. ಹಾಗಾಗಿ ಅದರ ಸ್ವಭಾವವನ್ನು ತಿದ್ದಬೇಕಾಯಿತು.

ತಿದ್ದುವ ಉಪಾಯವು ನಮ್ಮ ಬಚ್ಚಲುಮನೆಯ ಉಪಾಯವೇ. ಒಂದು ತುದಿ ನೀರಿಗೆ, ಮತ್ತೊಂದು ತುದಿ ಎಣ್ಣೆಯಂತಹ ವಸ್ತುವಿಗೆ ಒಲಿಯುವ ಅಣುಗಳನ್ನು ರಬ್ಬರಿನಲ್ಲಿ ಬೆರೆಸುತ್ತಾರೆ. ಅವು ಮೆಲ್ಲನೆ ಮೇಲ್ಮೈಗೆ ಬಂದು ನೀರಿನ ಬಿಗುವನ್ನು ಸಡಿಲಿಸುತ್ತವೆ. ತಯಾರಕರು ಇಂತಹ ರಬ್ಬರನ್ನು ‘ಜಲಪ್ರಿಯ’ವೆಂದು ಹೊಗಳಿ ಮಾರುತ್ತಾರೆ. ನನಗೆ ಈ ಬಿರುದು ಸ್ವಲ್ಪ ಅತಿಯೆನಿಸುತ್ತದೆ. ವಸಡು ರಕ್ತ ಸೋರುತ್ತಿದ್ದರೆ ಯಾವ ಸಿಲಿಕೋನೂ ಒಳ್ಳೆಯ ಅಚ್ಚು ಕೊಡದು. ಹಲ್ಲನ್ನು ಮೊದಲು ಒಣಗಿಸಲೇಬೇಕು. ಅಚ್ಚನ್ನು ಕ್ರಿಮಿನಾಶಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ನೆನೆಹಾಕಿದರೆ ಆ ಅಣುಗಳು ಸೋರಿಹೋಗಿ, ಹನಿ ಮತ್ತೆ ಗುಂಡಗಾಗುವುದೂ ಉಂಟು.

ಎರಡನೆಯ ಸಲ ಅಚ್ಚು ತೆಗೆದಾಗ, ತೊಳೆದು, ಅದೇ ಗುಣದ ದ್ರವವನ್ನು ತೆಳುವಾಗಿ ಸಿಂಪಡಿಸಿ, ಹೆಚ್ಚಾದುದನ್ನು ಗಾಳಿಯಿಂದ ಆರಿಸುತ್ತಿದ್ದೆ. ಆಕೆ ಕುರ್ಚಿಯಿಂದಲೇ ನೋಡುತ್ತಿದ್ದರು. ತೊಟ್ಟಿಯಲ್ಲಿ ಒಂದಿಷ್ಟು ನೊರೆ ನಿಂತಿತ್ತು.

“ಇದೂ ಕೆರೇಗೇ ಹೋಯ್ತದಾ?”

ಮನೆಮನೆಯ ಬಟ್ಟೆ ಪಾತ್ರೆ ತೊಳೆದ ಮಾರ್ಜಕವೆಲ್ಲ ಕೊಳಚೆಯೊಡನೆ ಸೇರಿ ಬೆಳ್ಳಂದೂರು ಕೆರೆ ನೊರೆಗಟ್ಟಿದ್ದುದನ್ನು, 2015ರ ಮೇ ತಿಂಗಳಲ್ಲಿ ಯಮಲೂರಿನ ಕೋಡಿಯಲ್ಲಿ ಆ ನೊರೆಗೇ ಬೆಂಕಿ ಹತ್ತಿದುದನ್ನು ಇಬ್ಬರೂ ಕಂಡವರು. ಅಚ್ಚನ್ನು ನೆನೆಯುವಂತೆ ಮಾಡುವ ಅಣುವಿಗೂ ಕೋಡಿಯಲ್ಲಿ ನೊರೆಯೆಬ್ಬಿಸಿದ ಅಣುವಿಗೂ ಕುಲ ಒಂದೇ. ನನ್ನದು ಕೆಲವು ತೊಟ್ಟು ಮಾತ್ರವೆಂದು ಹೇಳಲು ಹೊರಟವನು, ಬಾಯಿ ಬಾರದೆ, “ಹೌದಮ್ಮ” ಎಂದೆ.

ಹಿಟ್ಟನ್ನು ಅಚ್ಚಿನ ಒಂದು ಅಂಚಿನಿಂದ ತೊಟ್ಟುತೊಟ್ಟಾಗಿ, ಅಲುಗಿಸುತ್ತ ಇಳಿಸಿದೆ. ಈ ಸಲ ಅದು ಮೂಲೆಮೂಲೆಗೂ ಹರಿಯಿತು. ಮುಂದಿನ ವಾರ ತೊಡಿಸಿದ ಕ್ಯಾಪಿನಲ್ಲಿ ಆಕೆ ಚಕ್ಕುಲಿ ತಿಂದು ನೋಡಿದರು.