ಎರಡನೇ ಸಲವೂ ಹೋಗೋಣ



ಕುಡಿತದ ಚಟ ಒಂದು ಕಾಯಿಲೆ. ಅದಕ್ಕೆ ಮದ್ದು ಉಂಟು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಂಟು. ಉಡುಪಿ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆಯಲ್ಲಿ ಉಂಟು.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಕುಡಿತ ಯಾಕೆ ನಿಲ್ಲುವುದಿಲ್ಲ? ಎಷ್ಟೋ ಜನ ಮೊದಲ ಸಲ ಹೋಗ್ತಾರೆ. ಎರಡನೇ ಸಲ ಹೋಗುವುದಿಲ್ಲ. ಮದ್ದು ಅರ್ಧಕ್ಕೇ ನಿಲ್ಲುತ್ತದೆ.

ಮೊದಲನೆಯದು ಬಸ್ಸಿನ ಖರ್ಚು. ಕಾಪುವಿನಿಂದ ಉಡುಪಿ ಹತ್ತಿರ. ಕಾರ್ಕಳದ ಒಳಗಿನ ಹಳ್ಳಿಯವರು ಎರಡು ಬಸ್ಸು ಹತ್ತಬೇಕು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಹಣ ಕೊಡ್ಲಿಕ್ಕಿಲ್ಲ. ಆದರೆ ನಮ್ಮ ಕಡೆ ಹೆಚ್ಚು ಓಡುವುದು ಖಾಸಗಿ ಬಸ್ಸು. ಹೋದ ದಿನ ಅವರ ಕೂಲಿ ಇಲ್ಲ. ನಾವು ಕಟ್ಟುವ ಬೀಡಿಯೂ ಇಲ್ಲ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರ್ತಾರೆ? ಆಶಾ ಕಾರ್ಯಕರ್ತೆಯನ್ನು ಕೇಳಿ.

ಎರಡನೆಯದು ಕೆಲಸ. ಮಲ್ಪೆಯ ದೊಡ್ಡ ಬೋಟುಗಳು ಜೂನ್, ಜುಲೈ ತಿಂಗಳು ಕಡಲಿಗೆ ಇಳಿಯುವುದಿಲ್ಲ. ಆಗ ಮದ್ದು ಶುರು ಮಾಡಿದರೂ ಆಗಸ್ಟಿನಲ್ಲಿ ಬೋಟು ಹೊರಡುತ್ತದೆ. ಮದ್ದು ಮನೆಯಲ್ಲೇ ಉಳಿಯುತ್ತದೆ. ಬೋಟಿಗೆ ಹೋಗುವ ವಿಷಯ ಡಾಕ್ಟರಿಗೆ ಮೊದಲೇ ಹೇಳಿ.

ಮೂರನೆಯದು ನಾಚಿಕೆ. "ಮರ್ಲಿನ ಡಾಕ್ಟರ ಹತ್ತಿರ ಹೋಗ್ತಾನಂತೆ" ಎಂದು ಊರು ಆಡಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಗೆ ಡಾಕ್ಟರನ್ನು ನೋಡಿದರೆ ನಾಚಿಕೆ ಉಂಟಾ? ಇದಕ್ಕೂ ಬೇಡ.

ನಾಲ್ಕನೆಯದು ನಿರಾಶೆ. ಬಿಟ್ಟವರು ಒಂದು ದಿನ ಮತ್ತೆ ಕುಡಿಯಬಹುದು. "ಇನ್ನು ಇವರು ಸರಿಯಾಗುವುದಿಲ್ಲ" ಎಂದು ನಾವು ಕೈ ಬಿಡ್ತೇವೆ. ಹಾಗೆ ಜಾರುವುದು ಈ ಕಾಯಿಲೆಯಲ್ಲಿ ಉಂಟು. ಆ ದಿನವೇ ಡಾಕ್ಟರು ಹೆಚ್ಚು ಬೇಕು.

ಎರಡು ಎಚ್ಚರಿಕೆ. ದಿನವೂ ತುಂಬಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಗಬಹುದು, ಫಿಟ್ಸ್ ಬರಬಹುದು. ಮನೆಯಲ್ಲೇ ಕೂಡಿಹಾಕಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇನ್ನೊಂದು, ಕುಡಿತ ಬಿಡಿಸುವ ಮಾತ್ರೆ ಎಂದು ಗುಟ್ಟಾಗಿ ಸಾರಿಗೆ ಬೆರೆಸಬೇಡಿ. ಅದು ಗೊತ್ತಿಲ್ಲದೆ ಅವರು ಕುಡಿದರೆ ಜೀವಕ್ಕೇ ಅಪಾಯ.

ಅವರು ಕುಡಿಯುವುದು ನಿಮ್ಮ ತಪ್ಪಲ್ಲ. ಒಬ್ಬರೇ ಅಳಬೇಡಿ. ಸಂಘದ ಅಕ್ಕಂದಿರಿಗೆ ಹೇಳಿ. 14416ಕ್ಕೆ ಫೋನ್ ಮಾಡಿ. ಹಣ ಬೇಡ. ಕನ್ನಡದಲ್ಲೇ ಮಾತಾಡಬಹುದು.

ಈಗ ನಿಮಗೆ ಓದ್ಲಿಕ್ಕೆ ಬರುತ್ತದೆ. ಮನೆಗೆ ಹೋಗಿ ಆಸ್ಪತ್ರೆಯ ಚೀಟಿ ತೆಗೆಯಿರಿ. ಮುಂದೆ ಬರಬೇಕಾದ ತಾರೀಖು ನೋಡಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ.