ಓಕ್ ಮರದ ಕೊಂಬಿನ ಹುಳು
(ವಾರ್ಷಿಕೋತ್ಸವದ ಭಾಷಣ)



ತೊಗರಿಯ ಹೊಲಕ್ಕೆ ಹೋದವರು ಗಿಡದ ಕಾಂಡಕ್ಕೆ ಅಂಟಿಕೊಂಡ ಕಂದುಬಣ್ಣದ ಪುಟ್ಟ ಹುಳುವನ್ನು ಕಂಡಿರಬಹುದು. ಹಸುವಿಗಿರುವಂತೆ ಎರಡು ಕೊಂಬು, ಸುತ್ತಲೂ ಇರುವೆಗಳು. ಮುಟ್ಟಹೋದರೆ ಥಟ್ಟನೆ ಜಿಗಿದು ಮಾಯವಾಗುವುದು. ಇದರದೇ ಕುಟುಂಬದ ಒಂದು ಪರದೇಶದ ಜಿಗಿಹುಳುವನ್ನು ಗುರುತಿಸುವ ಬಗೆಯನ್ನು ಇಂದು ಹೇಳಬಯಸುತ್ತೇನೆ.

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ಓಕ್ ಮರಗಳು ಹೇರಳವಾಗಿವೆ. ವಸಂತದಲ್ಲಿ ಅವುಗಳ ಎಳೆಗೊಂಬೆಗಳ ಮೇಲೆ ಸಾಲಾಗಿ ಮುಳ್ಳೆದ್ದಂತೆ ತೋರುವುದುಂಟು. ಓಕ್ ಕೊಂಬೆಗೆಲ್ಲಿಯ ಮುಳ್ಳು? ಮನೆಯ ಯಜಮಾನನು ಮರಕ್ಕೆ ರೋಗ ತಗಲಿತೆಂದು ಹೆದರಿ ವಿಷದ ಡಬ್ಬಿಗೆ ಕೈ ಹಾಕುತ್ತಾನೆ. ಕೈ ಹಾಕುವ ಮುನ್ನ ಅದು ಯಾವ ಜೀವಿಯೆಂದು ನೋಡುವುದು ಲೇಸಲ್ಲವೆ?

ಲಿನ್ನೆಯಸನ ಶಿಷ್ಯನಾದ ಫ್ಯಾಬ್ರಿಷಿಯಸ್ ಎಂಬ ಡೇನಿಷ್ ಪಂಡಿತನು 1803ರಲ್ಲಿ ಇದನ್ನು ವರ್ಣಿಸಿದನು. ಇಂದು ಇದರ ಶಾಸ್ತ್ರೀಯ ನಾಮ ಪ್ಲಾಟಿಕೋಟಿಸ್ ವಿಟ್ಟಾಟಾ. ‘ವಿಟ್ಟಾಟಾ’ ಎಂದರೆ ಪಟ್ಟೆಯುಳ್ಳದ್ದು. ತೊಡಕಿರುವುದು ಇಲ್ಲಿಯೇ. ಒಂದು ಹುಳು ಬೂದುನೀಲಿ ಮೈಯ ಮೇಲೆ ಕೆಂಪು ಪಟ್ಟೆಗಳನ್ನು ಧರಿಸಿ, ಕೆಂಗಣ್ಣು ಬಿಟ್ಟು ಕುಳಿತಿರುವುದು. ಇನ್ನೊಂದು ಪಟ್ಟೆಯೇ ಇಲ್ಲದೆ, ಕಂದುಮಿಶ್ರಿತ ಹಸುರಿನ ಮೇಲೆ ಹಳದಿ ಚುಕ್ಕೆಗಳಿಂದ ಕೂಡಿರುವುದು. ಒಂದಕ್ಕೆ ಮುಂದೆ ಚಾಚಿದ ಕೊಂಬು, ಮತ್ತೊಂದಕ್ಕೆ ಬೋಳು ನೆತ್ತಿ. ಇವು ಬೇರೆ ಬೇರೆ ಜಾತಿಗಳೆಂದು ಹಿಂದಿನ ಪಂಡಿತರು ಬೇರೆ ಹೆಸರುಗಳನ್ನೂ ಇಟ್ಟಿದ್ದರು. ಉಡುಪು ನೋಡಿ ಕುಲ ಹೇಳಹೊರಟರೆ ಹೀಗಾಗುವುದು ಸಹಜವೇ. ಅಂದ ಹಾಗೆ, ಆ ಕೊಂಬು ತಲೆಯದಲ್ಲ. ಎದೆಯ ಮೊದಲ ಖಂಡದ ಬೆನ್ನುಚಿಪ್ಪು ಬೆಳೆದು ಹಾಗಾಗಿದೆ.

ಹಾಗಾದರೆ ಗುರುತು ಯಾವುದು? ಮೊದಲು ಮರವನ್ನು ನೋಡಬೇಕು, ಓಕ್ ಆಗಿರಬೇಕು. ಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದ. ಬಳಿಕ ಮರಿಗಳನ್ನು ನೋಡಬೇಕು. ಕಪ್ಪು ಮೈ, ಅದರ ಮೇಲೆ ಹಳದಿ-ಕೆಂಪು ಗುರುತು, ಬೆನ್ನಿನ ಮೇಲೆ ಎರಡು ಮೆತ್ತನೆಯ ಕರಿಮುಳ್ಳು. ಫ್ಲಾರಿಡದಲ್ಲಿ ಇದನ್ನೇ ಹೋಲುವ ಮುಳ್ಳುಹುಳು ಇನ್ನೊಂದಿದೆ. ಅದು ಹಸುರು, ಬೆನ್ನ ಮೇಲೆ ನೆಟ್ಟಗೆ ನಿಂತ ಮುಳ್ಳು, ವಾಸ ಹೆಚ್ಚಾಗಿ ದ್ವಿದಳ ಜಾತಿಯ ಮರಗಳಲ್ಲಿ.

ಇವು ಕೊಂಬೆಯ ರಸವನ್ನು ಹೀರುವುದು ನಿಜ. ಆದರೆ ಮೊಟ್ಟೆಯಿಡಲು ಸೀಳಿದ ಕಡೆ ಚಿಕ್ಕ ಗಾಯದ ಗುರುತು ಉಳಿಯುವುದೇ ಹೊರತು ಮರಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ವಿಷದ ಡಬ್ಬಿಯನ್ನು ಅಟ್ಟಕ್ಕೇರಿಸಬಹುದು.

ಕಣ್ಣಿಟ್ಟು ನೋಡಿದರೆ ಮರಿಗಳ ಗುಂಪಿನ ಬಳಿ ಒಂದು ದೊಡ್ಡ ಹುಳು ಕದಲದೆ ಕುಳಿತಿರುವುದು ಕಾಣುತ್ತದೆ. ಅದೇ ತಾಯಿ. ಮೊಟ್ಟೆಯಿಟ್ಟ ದಿನದಿಂದಲೂ ಅದು ಅಲ್ಲಿಂದ ಹೋಗಿರುವುದಿಲ್ಲ. ಮರಿಗಳು ಪೊರೆ ಕಳಚುತ್ತ ಬೆಳೆಯುವವರೆಗೂ ಕಾವಲಿರುವುದು.