ಪೆಟ್ಟಿಗೆಯ ಮೇಲಿನ ಚಿತ್ರ ಯಾರದು?

(ಎಡಕುಮೇರಿಯಲ್ಲಿ ಮಾಡಿದ ಭಾಷಣ)

ಬಿಸ್ಕತ್ತಿನ ಪೊಟ್ಟಣ, ಬೆಂಕಿಪೆಟ್ಟಿಗೆಯ ಚೀಟಿ, ಸಿನಿಮಾ ಪೋಸ್ಟರು, ವರ್ಷಾರಂಭದಲ್ಲಿ ಅಂಗಡಿಯವರು ಗಿರಾಕಿಗೆ ಕೊಡುವ ಕ್ಯಾಲೆಂಡರು, ಇವೆಲ್ಲ ಕಲೆಯೆ? ಅಲ್ಲವೆಂದೇ ವಿದ್ವಾಂಸರು ಬಹುಕಾಲ ಹೇಳಿದರು. ಆದರೆ ಇವನ್ನೇ ಎತ್ತಿಕೊಂಡು ಪಶ್ಚಿಮ ದೇಶಗಳಲ್ಲಿ ಒಂದು ಕಲಾಪಂಥ ಹುಟ್ಟಿತು. ಅದರ ಹೆಸರು ಪಾಪ್ ಆರ್ಟ್. ಅದರ ಬೇರು ಎಲ್ಲಿದೆ, ಫಲ ಯಾರಿಗೆ ಸಂದಿತು ಎಂಬುದನ್ನು ನಾವು ವಿಚಾರಮಾಡಬೇಕು.

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಬಡತನ, ರೇಷನ್. ಅಮೆರಿಕದ ಪತ್ರಿಕೆಗಳ ಜಾಹೀರಾತುಗಳಲ್ಲಾದರೋ ಕಾರು, ರೆಫ್ರಿಜರೇಟರು, ಡಬ್ಬಿಯ ಹಣ್ಣು. ಲಂಡನ್ನಿನ ಕೆಲವು ಕಲಾವಿದರು ಆ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಹೊಸ ಚಿತ್ರ ಮಾಡಿದರು. ೧೯೫೬ರಲ್ಲಿ ರಿಚರ್ಡ್ ಹ್ಯಾಮಿಲ್ಟನ್ ಮಾಡಿದ ಅಂಥ ಚಿತ್ರವೊಂದು ಪ್ರಸಿದ್ಧವಾಯಿತು. ೧೯೬೨ರಲ್ಲಿ ಅಮೆರಿಕದ ಆಂಡಿ ವಾರ್ಹಾಲ್ ಸೂಪಿನ ಡಬ್ಬಿಗಳ ೩೨ ಚಿತ್ರಗಳನ್ನು ಪ್ರದರ್ಶಿಸಿದ. ಅವನ ಚಿತ್ರಶಾಲೆಗೆ ‘ಫ್ಯಾಕ್ಟರಿ’ ಎಂದೇ ಹೆಸರು!

೧೯೬೪ರಲ್ಲಿ ವಾರ್ಹಾಲ್ ಪಾತ್ರೆ ತಿಕ್ಕುವ ಬ್ರಿಲ್ಲೋ ಎಂಬ ಸರಕಿನ ರಟ್ಟಿನ ಪೆಟ್ಟಿಗೆಯನ್ನೇ ಹೋಲುವ ಮರದ ಪೆಟ್ಟಿಗೆಗಳನ್ನು ಮಾಡಿಸಿ ನ್ಯೂಯಾರ್ಕಿನಲ್ಲಿ ಜೋಡಿಸಿಟ್ಟ. ಲೋಕ ಬೆರಗಾಯಿತು. ಆದರೆ ಅಂಗಡಿಯ ಆ ಪೆಟ್ಟಿಗೆಗೆ ಬಣ್ಣ, ಅಕ್ಷರ ಜೋಡಿಸಿದವನು ಜೇಮ್ಸ್ ಹಾರ್ವಿ. ಅವನೂ ಚಿತ್ರಕಾರನೇ, ಹೊಟ್ಟೆಪಾಡಿಗೆ ಪೆಟ್ಟಿಗೆಗಳ ವಿನ್ಯಾಸ ಮಾಡುತ್ತಿದ್ದ. ಮರುವರ್ಷವೇ ತೀರಿಕೊಂಡ. ೨೦೧೦ರಲ್ಲಿ ವಾರ್ಹಾಲನ ಒಂದು ಬ್ರಿಲ್ಲೋ ಪೆಟ್ಟಿಗೆ ಹರಾಜಿನಲ್ಲಿ ಮೂವತ್ತು ಲಕ್ಷ ಡಾಲರಿಗೂ ಮೀರಿ ಹೋಯಿತು. ಕೀರ್ತಿ ಒಬ್ಬನಿಗೆ, ಕೂಲಿ ಇನ್ನೊಬ್ಬನಿಗೆ!

ನಮ್ಮ ದೇಶದ ಕಥೆ ಇನ್ನೂ ಹಳೆಯದು. ಮೈಸೂರು ಅರಸರಿಗೂ ಚಿತ್ರ ಬರೆದುಕೊಟ್ಟ ರಾಜಾ ರವಿವರ್ಮ ೧೮೯೪ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಬಣ್ಣಕ್ಕೊಂದು ಕಲ್ಲು, ಒಂದರ ಮೇಲೊಂದು ಒತ್ತಿದರೆ ಚಿತ್ರ. ಅರಮನೆಯ ಲಕ್ಷ್ಮಿ, ಸರಸ್ವತಿ ಬಡವನ ಗುಡಿಸಲಿಗೂ ಬಂದರು. ಆಮೇಲೆ ಕಲಬುರಗಿಯಲ್ಲಿ ೧೯೧೬ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಪುರಾಣದ ಕ್ಯಾಲೆಂಡರುಗಳಿಂದ ಹೆಸರಾದರು. ಅವರ ಚಿತ್ರ ಕಂಡವರು ಲಕ್ಷಾಂತರ. ಹೆಸರು ಬಲ್ಲವರು ಎಷ್ಟು ಮಂದಿ?

೧೯೬೦ರ ದಶಕದಲ್ಲಿ ಬರೋಡದ ಭೂಪೇನ್ ಖಖ್ಖರ್ ಇಂಥ ಅಗ್ಗದ ದೇವರ ಪಟಗಳನ್ನೇ ಕತ್ತರಿಸಿ ತಮ್ಮ ಚಿತ್ರಗಳಿಗೆ ಅಂಟಿಸಿದರು. ಕಾರ್ಖಾನೆಯ ಲೆಕ್ಕಪತ್ರ ನೋಡಿ ಜೀವನ ಸಾಗಿಸಿದವರು ಅವರು. ೧೯೭೨ರ ಅವರ ಒಂದು ಚಿತ್ರದ ಹೆಸರು ‘ಜನತಾ ವಾಚ್ ರಿಪೇರಿಂಗ್’. ಗಡಿಯಾರ ರಿಪೇರಿ ಮಾಡುವವನನ್ನು ಅವನ ಅಂಗಡಿಯಲ್ಲೇ ಕೂರಿಸಿ ಬರೆದರು. ವಾರ್ಹಾಲ್ ಆ ಪೆಟ್ಟಿಗೆಗಳಲ್ಲಿ ಸರಕನ್ನು ಮಾತ್ರ ತೋರಿಸಿದ; ಖಖ್ಖರ್ ಸರಕಿನ ಹಿಂದಿನ ಮನುಷ್ಯನನ್ನು ತೋರಿಸಿದರು. ಇದು ನಮಗೆ ಹೆಚ್ಚು ಹತ್ತಿರ.

ಇದೆಲ್ಲ ದೂರದ ಮಾತೆಂದು ತಿಳಿಯಬೇಡಿ. ೧೯೭೯ರಲ್ಲಿ ಹಾಸನ–ಮಂಗಳೂರು ರೈಲುದಾರಿ ಈ ಘಟ್ಟ ಇಳಿಯಿತು. ಸುರಂಗ ಸೇತುವೆಗಳ ನಡುವಿನ ಈ ಎಡಕುಮೇರಿಗೂ ಬಣ್ಣದ ಪೊಟ್ಟಣಗಳು ಬಂದಿವೆ. ಪೊಟ್ಟಣದ ಮೇಲೆ ಕಂಪನಿಯ ಹೆಸರಿದೆ, ಬೆಲೆ ಇದೆ. ಚಿತ್ರ ಬರೆದವನ ಹೆಸರಿಲ್ಲ. ನಮ್ಮ ಊರುಗಳಲ್ಲಿ ಬೋರ್ಡು ಬರೆಯುತ್ತಿದ್ದವರು ಮೂಲೆಯಲ್ಲಿ ಚಿಕ್ಕದಾಗಿ ತಮ್ಮ ಹೆಸರು ಹಾಕುತ್ತಿದ್ದರು. ಫ್ಲೆಕ್ಸ್ ಯಂತ್ರ ಬಂದು ಅವರಲ್ಲಿ ಬಹುಮಂದಿಯ ಕೈಯಿಂದ ಕುಂಚವನ್ನು ಕಸಿಯಿತು.

ಯಂತ್ರವನ್ನು ನಾವು ದೂಷಿಸುವುದಿಲ್ಲ. ಮಗ್ಗದ ಮುಂದೆ ನಿಂತವರಿಗೆ ಯಂತ್ರದ ಬೆಲೆ ಗೊತ್ತು. ಕೈಕಸುಬಿಗೆ ಪಾಲು ಕೊಡದ ಲೆಕ್ಕವನ್ನು ಮಾತ್ರ ಒಪ್ಪುವುದಿಲ್ಲ. ಅಂಗಡಿಯ ಬಂಧುಗಳೆ, ಮುಂದಿನ ಬೋರ್ಡನ್ನು ಊರಿನ ಕುಂಚದವನಿಂದ ಬರೆಸಿರಿ. ನ್ಯಾಯವಾದ ಕೂಲಿ ಕೊಡಿರಿ. ಮೂಲೆಯಲ್ಲಿ ಅವನ ಹೆಸರಿಗೆ ಎರಡು ಅಂಗುಲ ಜಾಗ ಬಿಡಿರಿ. ಹಾರ್ವಿಗೆ ಸಿಗದೆ ಹೋದದ್ದು ಆ ಎರಡು ಅಂಗುಲವೇ.